ಮುಯ್ಯಾಳು ಮತ್ತು ಬಹುಮತ

ಚುನಾವಣೆಯ ಫಲಿತಾಂಶ ಹೊರಬಿದ್ದೊಡನೆ, ಜನ ಇಂಥ ಸರ್ಕಾರವನ್ನು ಆರಿಸಿದರು ಎಂದು ಹೇಳುವುದು ನಮ್ಮಲ್ಲಿ ವಾಡಿಕೆಯಾಗಿದೆ. ಜನ ಆರಿಸುವುದು ವಿಧಾನಸಭೆಯನ್ನು. ಸರ್ಕಾರವನ್ನು ರೂಪಿಸುವುದು ಆ ಸಭೆ. ಒಂದೇ ಪಕ್ಷಕ್ಕೆ ನಿಚ್ಚಳವಾದ ಬಹುಮತ ದೊರೆತಾಗ ಈ ಎರಡರ ನಡುವಣ ಅಂತರ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಯಾರಿಗೂ ಬಹುಮತ ಬಾರದಾಗ ಮಾತ್ರ ಅದು ಗೋಚರಿಸುತ್ತದೆ. ಆಗ ಮತದಾರನ ಕೆಲಸ ಮುಗಿದಿರುತ್ತದೆ, ಸರ್ಕಾರ ಮಾತ್ರ ಇನ್ನೂ ಹುಟ್ಟಿರುವುದಿಲ್ಲ. ಆ ಕೆಲವು ದಿನಗಳಲ್ಲಿ ನಡೆಯುವ ವ್ಯವಹಾರದ ಸ್ವರೂಪವೇನು ಎಂಬುದನ್ನು ಇಲ್ಲಿ ಸ್ವಲ್ಪ ವಿವೇಚಿಸಬಯಸುತ್ತೇನೆ.

ನಮ್ಮ ಮೇಗುಂದದ ಕಡೆ, ಗದ್ದೆ ಬೇಸಾಯವೇ ಮುಖ್ಯವಾಗಿದ್ದ ಕಾಲದಲ್ಲಿ, ನೆಟ್ಟಿಯ ದಿನಗಳಲ್ಲಿ ಮುಯ್ಯಾಳಿನ ಪದ್ಧತಿಯಿತ್ತು. ಇಂದು ನಾಲ್ಕು ಮನೆಯವರು ನನ್ನ ಗದ್ದೆಗೆ ಇಳಿದರೆ, ನಾಳೆ ನಾನು ಅವರ ಗದ್ದೆಗೆ ಇಳಿಯಬೇಕು. ಕೂಲಿಯ ಮಾತಿಲ್ಲ, ಬೆಳೆಯಲ್ಲಿ ಪಾಲಿನ ಮಾತೂ ಇಲ್ಲ. ಮುಯ್ಯಿಯ ಲೆಕ್ಕ ಮಾತ್ರ ಎಲ್ಲರ ನೆನಪಿನಲ್ಲಿರುತ್ತಿತ್ತು. ಪಾಲಿನ ಬೇಸಾಯ ಬೇರೆ. ಅಲ್ಲಿ ಖರ್ಚು, ದುಡಿಮೆ, ಫಸಲು ಎಲ್ಲದರಲ್ಲೂ ಇಬ್ಬರಿಗೂ ಭಾಗವುಂಟು. ಸಂಸದೀಯ ರಾಜಕಾರಣದಲ್ಲಿಯೂ ಈ ಎರಡು ಬಗೆಗಳಿವೆ. ಎರಡು ಪಕ್ಷಗಳು ಮಂತ್ರಿಮಂಡಲದಲ್ಲಿ ಜೊತೆಗೆ ಕುಳಿತರೆ ಅದು ಪಾಲಿನ ಬೇಸಾಯ, ಎಂದರೆ ಸಮ್ಮಿಶ್ರ ಸರ್ಕಾರ. ಹೊರಗೆ ನಿಂತು ಮತ ನೀಡುವುದು ಬಾಹ್ಯ ಬೆಂಬಲ, ಅದು ಮುಯ್ಯಾಳು.

ಕರ್ನಾಟಕದಲ್ಲಿ ಈ ಮುಯ್ಯಾಳಿನ ದೊಡ್ಡ ಉದಾಹರಣೆ 1983ರದು. ಆ ಜನವರಿಯ ಚುನಾವಣೆಯಲ್ಲಿ 224 ಸ್ಥಾನಗಳ ಪೈಕಿ ಜನತಾ ಪಕ್ಷಕ್ಕೆ 95, ಕಾಂಗ್ರೆಸ್ಸಿಗೆ 82, ಭಾರತೀಯ ಜನತಾ ಪಕ್ಷಕ್ಕೆ 18, ಎರಡು ಕಮ್ಯುನಿಸ್ಟ್ ಪಕ್ಷಗಳಿಗೆ ತಲಾ 3 ಸ್ಥಾನಗಳು ಬಂದವು. ಪಕ್ಷೇತರರು 22 ಮಂದಿ. ಬಹುಮತಕ್ಕೆ ಬೇಕಾದದ್ದು 113. ತೊಂಬತ್ತೈದಕ್ಕೆ ಹದಿನೆಂಟನ್ನು ಕೂಡಿಸಿದರೆ ಸರಿಯಾಗಿ ಅಷ್ಟೇ ಆಗುತ್ತದೆ, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಜನವರಿ 10ರಂದು ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದರು. ಆಗ ಅವರು ವಿಧಾನಸಭೆಯ ಸದಸ್ಯರೂ ಆಗಿರಲಿಲ್ಲ. ಅನಂತರ ಕನಕಪುರದ ಉಪಚುನಾವಣೆಯಲ್ಲಿ ಗೆದ್ದುಬಂದರು. ಭಾರತೀಯ ಜನತಾ ಪಕ್ಷದವರೂ ಕಮ್ಯುನಿಸ್ಟರೂ, ಒಬ್ಬರ ಮುಖ ಒಬ್ಬರು ನೋಡದವರು, ಒಂದೇ ಸರ್ಕಾರಕ್ಕೆ ಹೊರಗಿನಿಂದ ಹೆಗಲು ಕೊಟ್ಟರು.

ಇಂಥ ಸರ್ಕಾರ ಏನನ್ನೂ ಸಾಧಿಸಲಾರದು ಎಂದು ತರ್ಕಿಸುವುದು ಸುಲಭ. ಆದರೆ ಅಧಿಕಾರವನ್ನು ಹಳ್ಳಿಯ ಕಡೆಗೆ ಇಳಿಸಿದ 1983ರ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳ ಕಾಯಿದೆ ಆ ಕಾಲದ್ದು. ಅದರ ಹಿಂದಿನ ಚೇತನ ಅಬ್ದುಲ್ ನಜೀರ್ ಸಾಬರು. 1984ರ ಲೋಕಾಯುಕ್ತ ಕಾಯಿದೆಯೂ ಆ ಕಾಲದ್ದೇ. ತನ್ನದೇ ಬಲವಿಲ್ಲದ ಸರ್ಕಾರ ಹತ್ತು ಜನರನ್ನು ಕೇಳಿಯೇ ಹೆಜ್ಜೆಯಿಡಬೇಕಾಗುತ್ತದೆ. ಆ ಕೇಳುವಿಕೆಯಿಂದ ಒಮ್ಮೊಮ್ಮೆ ಒಳಿತಾಗುವುದುಂಟು. 1984ರ ಡಿಸೆಂಬರಿನ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 28 ಸ್ಥಾನಗಳಲ್ಲಿ 24ನ್ನು ಕಾಂಗ್ರೆಸ್ ಗೆದ್ದಾಗ ಹೆಗಡೆಯವರು ರಾಜೀನಾಮೆಯಿತ್ತು ಮತ್ತೆ ಜನರ ಮುಂದೆ ಹೋದರು. 1985ರ ಮಾರ್ಚಿನಲ್ಲಿ ಜನತಾ ಪಕ್ಷಕ್ಕೆ 139 ಸ್ಥಾನಗಳು ದೊರೆತವು.

ಪಾಲಿನ ಬೇಸಾಯ ನಮ್ಮಲ್ಲಿ ಅಷ್ಟು ಹಸನಾಗಿ ನಡೆಯಲಿಲ್ಲ. 2006ರ ಫೆಬ್ರವರಿಯಲ್ಲಿ ಜನತಾದಳ (ಜಾತ್ಯತೀತ) ಮತ್ತು ಭಾರತೀಯ ಜನತಾ ಪಕ್ಷಗಳು ಕೂಡಿದಾಗ, ಮುಖ್ಯಮಂತ್ರಿ ಪದವಿಯನ್ನು ತಲಾ 20 ತಿಂಗಳು ಹಂಚಿಕೊಳ್ಳುವುದೆಂದು ಮಾತಾಯಿತು. ಮೊದಲ ಸರದಿ ಎಚ್. ಡಿ. ಕುಮಾರಸ್ವಾಮಿಯವರದು. 2007ರ ಅಕ್ಟೋಬರಿನಲ್ಲಿ ಅಧಿಕಾರ ಕೈ ಬದಲಾಗಬೇಕಾದಾಗ ಆಗಲಿಲ್ಲ. ನವೆಂಬರ್ 12ರಂದು ಪ್ರಮಾಣವಚನ ಸ್ವೀಕರಿಸಿದ ಬಿ. ಎಸ್. ಯಡಿಯೂರಪ್ಪನವರು, ಜೊತೆಗಾರರ ಬೆಂಬಲ ದೊರೆಯದೆ, ಏಳನೆಯ ದಿನ ರಾಜೀನಾಮೆ ನೀಡಿದರು. ಯಾರ ತಪ್ಪೆಷ್ಟು ಎಂಬ ವಿಚಾರಣೆ ನನ್ನ ಉದ್ದೇಶವಲ್ಲ. ಆ ಒಪ್ಪಂದದಲ್ಲಿ ಜನರ ನೆನಪಿನಲ್ಲಿ ಉಳಿದದ್ದು ತಿಂಗಳುಗಳ ಹಂಚಿಕೆ; ಆ ತಿಂಗಳುಗಳಲ್ಲಿ ಮಾಡಬೇಕಾದ ಕೆಲಸದ ಹಂಚಿಕೆಯಲ್ಲ. ಗಮನಿಸತಕ್ಕದ್ದು ಇದು.

ಬಹುಮತವನ್ನು ಎಲ್ಲಿ ಎಣಿಸಬೇಕು ಎಂಬ ಪ್ರಶ್ನೆಗಾದರೂ ಉತ್ತರ ಸಿಕ್ಕಿದೆ. ಅದು ಸಿಕ್ಕಿದ್ದೂ ಕರ್ನಾಟಕದ ಒಂದು ಮೊಕದ್ದಮೆಯಿಂದಲೇ. 1989ರ ಏಪ್ರಿಲಿನಲ್ಲಿ ಎಸ್. ಆರ್. ಬೊಮ್ಮಾಯಿಯವರ ಸರ್ಕಾರವನ್ನು, ಸದನದಲ್ಲಿ ಬಲ ತೋರಿಸಲು ಅವಕಾಶವೀಯದೆ ವಜಾ ಮಾಡಲಾಯಿತು. 1994ರ ಮಾರ್ಚಿನಲ್ಲಿ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರ ಪೀಠ, ಬಹುಮತದ ಪರೀಕ್ಷೆ ನಡೆಯತಕ್ಕದ್ದು ಸದನದಲ್ಲಿ ಎಂದು ಸ್ಪಷ್ಟಪಡಿಸಿತು. ಎಣಿಕೆಯ ಕಣ ಹೀಗೆ ಗೊತ್ತಾಯಿತು. ಆದರೆ ಕೂಡುವವರು ಯಾವ ಕರಾರಿನ ಮೇಲೆ ಕೂಡುತ್ತಾರೆ ಎಂಬುದನ್ನು ಜನರಿಗೆ ತಿಳಿಸಲೇಬೇಕೆಂಬ ಕಟ್ಟು ನಮ್ಮಲ್ಲಿ ಇಲ್ಲ.

ಈ ವಿಷಯದಲ್ಲಿ ಬಹು ಚಿಕ್ಕ ನಾಡೊಂದರ ರೂಢಿಯನ್ನು ನೋಡಬಹುದು. ಉತ್ತರ ಅಟ್ಲಾಂಟಿಕ್ ಸಾಗರದಲ್ಲಿ, ಡೆನ್ಮಾರ್ಕಿನ ಪ್ರಭುತ್ವದಡಿ ಸ್ವಯಮಾಡಳಿತವುಳ್ಳ ಫ್ಯಾರೋ ಎಂಬ ಹದಿನೆಂಟು ದ್ವೀಪಗಳ ಸಮೂಹವಿದೆ. ಅಲ್ಲಿಯ ಜನಸಂಖ್ಯೆ ಐವತ್ತು ಸಾವಿರದ ಆಸುಪಾಸು, ಶಾಸನಸಭೆಯ ಸದಸ್ಯರು 33. ಮತಗಳ ಪ್ರಮಾಣಕ್ಕೆ ಅನುಗುಣವಾಗಿ ಸ್ಥಾನಗಳು ಹಂಚಿಕೆಯಾಗುವುದರಿಂದ ಒಂದೇ ಪಕ್ಷ ಬಹುಮತ ಪಡೆಯುವುದನ್ನು ಯಾರೂ ನಿರೀಕ್ಷಿಸುವುದಿಲ್ಲ. 2022ರ ಡಿಸೆಂಬರಿನಲ್ಲಿ 9, 6 ಮತ್ತು 3 ಸ್ಥಾನಗಳ ಮೂರು ಪಕ್ಷಗಳು ಕೂಡಿ 18ರ ಬಹುಮತ ಕಟ್ಟಿದವು. ಕೂಡುವಾಗ ತಮ್ಮ ಕಾರ್ಯಕ್ರಮವನ್ನು ಬರೆದು, ಸಹಿ ಹಾಕಿ, ಪ್ರಕಟಿಸುವುದು ಅಲ್ಲಿಯ ರೂಢಿ. ನಮ್ಮಲ್ಲಾದರೋ ಕ್ಷೇತ್ರಕ್ಕೊಬ್ಬನೇ ಗೆಲ್ಲುವ ಪದ್ಧತಿ. ಪ್ರತಿ ಪಕ್ಷವೂ ತಾನೇ ಗೆಲ್ಲುವೆನೆಂದು ಹೊರಡುವುದರಿಂದ, ಕೂಡುವ ಯೋಚನೆ ಎಣಿಕೆಯ ಸಂಜೆ ಅವಸರದಲ್ಲಿ ಹುಟ್ಟುತ್ತದೆ.

ಇದರಿಂದ ಮೇಗುಂದದ ಮತದಾರನಿಗೇನು? ಮಲೆನಾಡಿನಲ್ಲಿ ಮನೆಗಳು ಗುಡ್ಡಕ್ಕೊಂದು, ಕಣಿವೆಗೊಂದು. ಮತಗಟ್ಟೆಗೆ ಹೋಗುವುದೆಂದರೆ ಎಷ್ಟೋ ಮನೆಗಳಿಗೆ ದೂರದ ನಡಿಗೆ. 2018ರಲ್ಲಿ ಶೃಂಗೇರಿ ಕ್ಷೇತ್ರದಲ್ಲಿ ಗೆಲುವಿನ ಅಂತರ ಎರಡು ಸಾವಿರಕ್ಕೂ ಕಡಿಮೆ. ಅದೇ ವರ್ಷ ರಾಜ್ಯದಲ್ಲಿ ಅತಿ ದೊಡ್ಡ ಪಕ್ಷ 104ಕ್ಕೆ ನಿಂತಿತು; ಚುನಾವಣೆಯಲ್ಲಿ ಪರಸ್ಪರ ಎದುರಾಗಿದ್ದ ಕಾಂಗ್ರೆಸ್ಸೂ ಜನತಾದಳವೂ ಒಂದಾಗಿ ಸರ್ಕಾರ ರಚಿಸಿದವು; ಹದಿನಾಲ್ಕು ತಿಂಗಳ ಮೇಲೆ, 2019ರ ಜುಲೈ 23ರಂದು, 99ಕ್ಕೆ 105 ಮತಗಳಿಂದ ಆ ಸರ್ಕಾರ ಬಿತ್ತು. ಕೂಡಿದ್ದೂ ಮುರಿದದ್ದೂ ಮತದಾರನನ್ನು ಕೇಳಿ ಆದದ್ದಲ್ಲ.

ಪಕ್ಷಗಳು ಕೂಡುವುದು ಅಪರಾಧವಲ್ಲ. ಬಹುಮತವಿಲ್ಲದ ಸಭೆಯಲ್ಲಿ ಅದು ಕರ್ತವ್ಯವೇ ಹೌದು. ಆದರೆ ಚುನಾವಣೆಗೆ ಮುನ್ನ, ಯಾರೊಡನೆ ಕೂಡಬಲ್ಲೆವು, ಯಾರೊಡನೆ ಕೂಡಲಾರೆವು ಎಂದು ಹೇಳಬೇಕು. ಕೂಡಿದ ಮೇಲೆ, ಯಾವ ಕೆಲಸಕ್ಕಾಗಿ ಕೂಡಿದೆವು ಎಂಬುದನ್ನು ಸದನದ ಮುಂದೆ ಬರವಣಿಗೆಯಲ್ಲಿ ಇಡಬೇಕು. ಮುಯ್ಯಾಳಿನ ಲೆಕ್ಕಕ್ಕೆ ಪುಸ್ತಕ ಬೇಕಾಗಿರಲಿಲ್ಲ, ಊರೇ ಸಾಕ್ಷಿಯಾಗಿತ್ತು. ರಾಜ್ಯದಷ್ಟು ದೊಡ್ಡ ಊರಿಗೆ ಬರೆದಿಟ್ಟ ಕರಾರೇ ಸಾಕ್ಷಿಯಾಗಬೇಕು.