ಮುಂದೆ ಹಗಲು, ಹಿಂದೆ ಕಗ್ಗತ್ತಲು!
ತೋಟದ ಮರಿ ಟ್ರ್ಯಾಕ್ಟರಿಗೆ ಹೆಚ್ಚುವರಿ ದೀಪ ಹಾಕಿಸುವವರು ಗಮನಿಸಿ

ಮಡಿಕೇರಿ: ಕೊಡಗಿನಲ್ಲಿ ಕಾಫಿ ಕೊಯ್ಲು ಸುರುವಾಯಿತೆಂದರೆ ಕೆಲಸಕ್ಕೆ ಗಡಿಯಾರ ಇರುವುದಿಲ್ಲ. ಸಂಜೆ ಆಳುಗಳು ಕೊಯ್ದ ಹಣ್ಣು ತೂಕಕ್ಕೆ ಕೊಟ್ಟು ಲೈನ್ ಮನೆ ಕಡೆ ಹೊರಟ ಮೇಲೆ ಟ್ರ್ಯಾಕ್ಟರಿನ ಪಾಳಿ. ಮೂಟೆ ಹೇರಬೇಕು, ಕಣಕ್ಕೆ ಸಾಗಿಸಬೇಕು. ಪಲ್ಪರ್ ಇರುವ ತೋಟವಾದರೆ ಕೊಯ್ದ ಹಣ್ಣು ಅಂದೇ ಯಂತ್ರಕ್ಕೆ ಬೀಳಬೇಕು. ರಾತ್ರಿಯಿಡೀ ಮೂಟೆಯಲ್ಲೇ ಬಿಟ್ಟರೆ ಹುಳಿ ಹಿಡಿದು ಕಾಫಿಯ ಗುಣ ಕೆಡುತ್ತದೆ. ಡಿಸೆಂಬರಿನಲ್ಲಿ ಆರು ಗಂಟೆ ದಾಟುವಾಗಲೇ ಸೂರ್ಯ ಮುಳುಗುತ್ತಾನೆ. ದೊಡ್ಡ ಮರಗಳ ನೆರಳಿರುವ ತೋಟದೊಳಗೆ ಅದಕ್ಕೂ ಮೊದಲೇ ಕತ್ತಲು.

ಕೊಯ್ಲು ಮುಗಿಯಿತೆನ್ನುವಾಗ ಫೆಬ್ರವರಿ-ಮಾರ್ಚಿನಲ್ಲಿ ರೊಬಸ್ಟಾ ಹೂವಿಗೆ ಸ್ಪ್ರಿಂಕ್ಲರ್ ನೀರು. ಪೈಪು, ಡೀಸೆಲ್ಲು ಹೊತ್ತು ಅಪರಾತ್ರಿಯಲ್ಲೂ ಟ್ರ್ಯಾಕ್ಟರ್ ಓಡಬೇಕು. ಮಳೆಗಾಲ ಬಂತೋ, ಗದ್ದೆ ಉಳುಮೆ. ಆಗಂತೂ ಹಗಲೇ ಮಂಜು ಮುಸುಕಿರುತ್ತದೆ. ಹೀಗಿರುವಾಗ ನಮ್ಮ ಜಿಲ್ಲೆಯಲ್ಲಿ ಟ್ರ್ಯಾಕ್ಟರಿಗೆ ನಾಲ್ಕು ದೀಪ ಹೆಚ್ಚು ಹಾಕಿಸುವುದನ್ನು ಶೋಕಿ ಎನ್ನಲಾಗದು. ಅದು ಅಗತ್ಯ.

ಗಿಡಗಳ ಸಾಲಿನ ನಡುವೆ ನುಗ್ಗಬಲ್ಲ ಮರಿ ಟ್ರ್ಯಾಕ್ಟರುಗಳು ಈಗ ತೋಟ ತೋಟದಲ್ಲೂ ಇವೆ. 1967ರಲ್ಲಿ ಆರಂಭವಾದ ಬೆಂಗಳೂರಿನ ವಿ.ಎಸ್.ಟಿ. ಕಂಪೆನಿ ಜಪಾನಿನ ಮಿತ್ಸುಬಿಷಿ ಸಹಯೋಗದಿಂದ ತಯಾರಿಸಿದ ಟಿಲ್ಲರುಗಳೂ 18.5 ಅಶ್ವಶಕ್ತಿಯ ಪುಟ್ಟ ಟ್ರ್ಯಾಕ್ಟರೂ ಇಲ್ಲಿನವರಿಗೆ ಹಳೆಯ ಪರಿಚಯ. ಆಮೇಲೆ ಮಹೀಂದ್ರ, ಕುಬೋಟ ಮುಂತಾದವೂ ಬಂದವು. ಯಾವುದೇ ಇರಲಿ, ಕಂಪೆನಿಯಿಂದ ಸಾಮಾನ್ಯವಾಗಿ ಬರುವುದು ಮುಂದೆ ಎರಡು ಹೆಡ್‌ಲೈಟು, ಹಿಂದೆ ಒಂದು ಪ್ಲೌ ಲ್ಯಾಂಪು, ಕೆಂಪು ದೀಪ. ನಮ್ಮ ಕತ್ತಲೆಗೆ ಇದು ಸಾಲದು. ಸರಿ, ಆಟೋ ಎಲೆಕ್ಟ್ರಿಷಿಯನ್ ಬಳಿ ಹೋಗುವುದು, "ಅಣ್ಣಾ, ಎರಡು ಎಲ್‌ಇಡಿ ಮುಂದೆ, ಎರಡು ಹಿಂದೆ ಹಾಕಿ ಬಿಡಿ, ನಾಳೆ ಬೆಳಿಗ್ಗೆ ಗಾಡಿ ಬೇಕು" ಎನ್ನುವುದು. ಅಣ್ಣನೂ ಗಡಿಬಿಡಿಯಲ್ಲಿ ಹೆಡ್‌ಲೈಟಿನ ವೈರನ್ನೇ ಕೊಯ್ದು ಜೋಡಿಸಿ, ಟೇಪು ಸುತ್ತಿ ಕಳಿಸುವುದು.

ಗಾಡಿ ರಾತ್ರಿ ರಸ್ತೆಗಿಳಿದಾಗ ನೋಡಬೇಕು. ಮುಂದೆ ಹಗಲು. ಹಿಂದೆ ಮೂಟೆ ಹೇರಿದ ಟ್ರೇಲರ್‌ಗೆ ಮಿಣುಕು ಹುಳದಷ್ಟೂ ಬೆಳಕಿಲ್ಲ! ಸುಂಟಿಕೊಪ್ಪದ ತಿರುವಿನಲ್ಲೋ ಸಂಪಾಜೆ ಘಾಟಿಯಲ್ಲೋ ಮಂಜಿನೊಳಗೆ ಬೈಕಿನಲ್ಲಿ ಬರುವವನಿಗೆ ಆ ಟ್ರೇಲರ್ ಕಾಣುವುದು ಎದೆಗೆ ತಾಗುವಾಗಲೇ. ಕಾಣಲು ಹಾಕುವ ದೀಪ ಬೇರೆ, ಕಾಣಿಸಿಕೊಳ್ಳಲು ಹಾಕುವ ದೀಪ ಬೇರೆ. ಹಣ ಮೊದಲು ಹೋಗಬೇಕಾದದ್ದು ಎರಡನೆಯದಕ್ಕೆ. ಅದನ್ನು ಹೇಳುವ ಮೊದಲು ವೈರಿಂಗಿನ ವಿಚಾರ ನೋಡೋಣ.

ಆಲ್ಟರ್ನೇಟರ್ ಎಷ್ಟು ಹೊರುತ್ತದೆ?

ಟ್ರ್ಯಾಕ್ಟರಿನಲ್ಲಿ ಕರೆಂಟು ಪುಕ್ಕಟೆ ಎಂದು ಹಲವರ ತಿಳಿವಳಿಕೆ. ಹಾಗಲ್ಲ. ಎಂಜಿನ್ ತಿರುಗಿಸುವ ಆಲ್ಟರ್ನೇಟರ್ ಎಷ್ಟು ಕೊಡುತ್ತದೋ ಅಷ್ಟೇ. ಸಣ್ಣ ಗಾಡಿಗಳಲ್ಲಿ ಅದು ಸಣ್ಣದು. 36 ಆಂಪಿಯರ್ ಆಸುಪಾಸಿನವು ಸಾಮಾನ್ಯ. ಅದೂ ಎಂಜಿನ್ ಜೋರಾಗಿ ತಿರುಗುವಾಗ. ಮೂಟೆ ಹೇರುವಾಗ ಎಂಜಿನನ್ನು ಸುಮ್ಮನೆ ಉರಿಯಲು ಬಿಟ್ಟರೆ ಅರ್ಧವೂ ಸಿಕ್ಕುವುದಿಲ್ಲ.

ಲೆಕ್ಕ ಹಾಕಿ. 55 ವಾಟಿನ ಒಂದು ಹ್ಯಾಲೋಜನ್ ಬಲ್ಬು 12 ವೋಲ್ಟಿನಲ್ಲಿ ಸುಮಾರು 4.6 ಆಂಪಿಯರ್ ಎಳೆಯುತ್ತದೆ. ಎರಡು ಹೆಡ್‌ಲೈಟಿಗೆ 9 ಆಂಪಿಯರ್ ಹೋಯಿತು. ಮೇಲೆ ನಾಲ್ಕು ಹ್ಯಾಲೋಜನ್ ಹಾಕಿದರೆ ಇನ್ನೊಂದು 18. ಹಿಂದಿನ ದೀಪ, ಮೀಟರು, ಹಾರ್ನು ಸೇರಿಸಿದರೆ 30ರ ಹತ್ತಿರ. ಉಳಿಯುವುದರಲ್ಲಿ ಬ್ಯಾಟರಿ ಚಾರ್ಜ್ ಆಗಬೇಕು. ಗಾಡಿ ನಿಧಾನವಾಗಿ ಓಡುವಾಗ ಕೊರತೆ ಬೀಳುವುದೆಲ್ಲ ಬ್ಯಾಟರಿಯಿಂದಲೇ ಹೋಗುತ್ತದೆ. ಬೆಳಿಗ್ಗೆ ಸೆಲ್ಫ್ ಹೊಡೆದರೆ 'ಟಿಕ್' ಎಂದು ಸುಮ್ಮನಾಗುತ್ತದೆ. ಇಳಿಜಾರಿಗೆ ತಳ್ಳಿ ಸ್ಟಾರ್ಟ್ ಮಾಡುವ ಉಸಾಬರಿ. ತಪ್ಪು ಮಾತ್ರ ಬ್ಯಾಟರಿ ಅಂಗಡಿಯವನ ತಲೆಗೆ!

ಎಲ್‌ಇಡಿಯಿಂದ ಈ ತೊಂದರೆ ಬಹುಮಟ್ಟಿಗೆ ಪರಿಹಾರವಾಗಿದೆ. ಒಳ್ಳೆಯ 18 ವಾಟಿನ ಎಲ್‌ಇಡಿ ಸುಮಾರಾಗಿ 55 ವಾಟಿನ ಹ್ಯಾಲೋಜನ್ನಿನಷ್ಟೇ ಬೆಳಕು ಕೊಡುತ್ತದೆ. ಎಳೆಯುವುದು ಒಂದೂವರೆ ಆಂಪಿಯರ್. ನಾಲ್ಕು ಹಾಕಿದರೂ 6 ಆಂಪಿಯರ್. ಆದರೆ ಡಬ್ಬಿಯ ಮೇಲೆ ಬರೆದ ವಾಟನ್ನು ಕಣ್ಣುಮುಚ್ಚಿ ನಂಬಬೇಡಿ. 72 ಎಂದು ಬರೆದದ್ದು 20ನ್ನೂ ಎಳೆಯದ ಮಾಲು ಪೇಟೆಯಲ್ಲಿದೆ. ಅಂಗಡಿಯಲ್ಲೇ ಮೀಟರು ಹಿಡಿಸಿ ಆಂಪಿಯರ್ ನೋಡಿದರೆ ಬಣ್ಣ ಬಯಲಾಗುತ್ತದೆ. ನಮ್ಮ ಮಳೆಗೆ ಐಪಿ 67 ಅಥವಾ 68 ಎಂದು ಗುರುತಿರುವ, ನೀರು ಹೋಗದ ದೀಪವೇ ಬೇಕು.

ತೆಳು ವೈರು, ಮಂಕು ದೀಪ

ಹ್ಯಾಲೋಜನ್ ಇರುವವರ ಗೋಳು ಇನ್ನೊಂದು: "ಹೊಸ ಬಲ್ಬು ಹಾಕಿದರೂ ಲೈಟು ಡಿಮ್ಮು". ಬಲ್ಬಿನಲ್ಲಿ ದೋಷವಿಲ್ಲ, ವೈರು ತೆಳು. ಸ್ಪ್ರಿಂಕ್ಲರ್ ಹಾಕುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೂರಿಂಚಿನ ಪೈಪಿನ ಬದಲು ಒಂದಿಂಚಿನದು ಎಳೆದರೆ ಗುಡ್ಡದ ಮೇಲಿನ ಜೆಟ್ಟಿಗೆ ಒತ್ತಡ ತಲುಪೀತೆ?

0.75 ಚದರ ಮಿಲಿಮೀಟರಿನ ವೈರಿನಲ್ಲಿ ಹೋಗಿ ಬರುವುದು ಸೇರಿ 8 ಮೀಟರ್ ದೂರಕ್ಕೆ ಎರಡು ಹ್ಯಾಲೋಜನ್ ಉರಿಸಿದರೆ ದಾರಿಯಲ್ಲೇ ಸುಮಾರು 1.7 ವೋಲ್ಟ್ ಸೋರಿಹೋಗುತ್ತದೆ. ಅಷ್ಟು ವೋಲ್ಟ್ ಇಳಿದರೆ ಹ್ಯಾಲೋಜನ್ನಿನ ಬೆಳಕು ಮೂರರಲ್ಲಿ ಒಂದು ಪಾಲಿಗೂ ಹೆಚ್ಚು ಕುಗ್ಗುತ್ತದೆ. ಸೋರಿದ ಕರೆಂಟು ವೈರನ್ನೇ ಬಿಸಿ ಮಾಡುತ್ತದೆ. ಅದೇ ಜಾಗಕ್ಕೆ 2.5 ಚದರ ಮಿಲಿಮೀಟರಿನ ತಾಮ್ರದ ವೈರು ಎಳೆದರೆ ನಷ್ಟ ಅರ್ಧ ವೋಲ್ಟು ಮಾತ್ರ. ಎಲ್‌ಇಡಿಗಾದರೆ 1.5 ಚದರ ಮಿಲಿಮೀಟರ್ ಧಾರಾಳ.

ಸ್ವಿಚ್ಚು ರೈಟರ್, ರಿಲೇ ಮೇಸ್ತ್ರಿ

ಹೆಡ್‌ಲೈಟಿನ ಸ್ವಿಚ್ಚು ಇರುವುದು ಹೆಡ್‌ಲೈಟಿನ ಭಾರ ಹೊರಲು. ಅದರ ಮೇಲೆ ಇನ್ನೂ ನಾಲ್ಕು ದೀಪ ಹೊರಿಸಿದರೆ ಒಳಗಿನ ಕಡ್ಡಿ ಕರಗುತ್ತದೆ. ಆಗ ಹೊಸ ದೀಪದ ಜೊತೆ ಹಳೆಯದೂ ಆರುತ್ತದೆ. ಅದು ಘಾಟಿಯ ತಿರುವಿನಲ್ಲೇ ಆಗಬಾರದೆಂದೇನೂ ಇಲ್ಲವಲ್ಲ?

ಇದಕ್ಕೆ ಮದ್ದು ರಿಲೇ. ತೋಟದಲ್ಲಿ ರೈಟರ್ ಹೇಳುತ್ತಾರೆ, ಮೇಸ್ತ್ರಿ ಆಳು ಬಿಡುತ್ತಾನೆ. ರೈಟರ್ ತಾವೇ ಮೂಟೆ ಹೊರುವುದಿಲ್ಲ. ಸ್ವಿಚ್ಚು ರೈಟರಂತೆ ಅಪ್ಪಣೆ ಮಾತ್ರ ಕೊಡಬೇಕು, ಭಾರ ಹೊರುವ ಕೆಲಸವನ್ನು ರಿಲೇ ನೋಡಿಕೊಳ್ಳಬೇಕು. ರಿಲೇಯ ಕಾಲುಗಳ ಪಕ್ಕ ನಂಬರ್ ಅಚ್ಚಾಗಿರುತ್ತದೆ. 30ಕ್ಕೆ ಬ್ಯಾಟರಿಯ ಪ್ಲಸ್‌ನಿಂದ ದಪ್ಪ ವೈರು. 87ರಿಂದ ದೀಪಕ್ಕೆ ದಪ್ಪ ವೈರು. 86ಕ್ಕೆ ಸ್ವಿಚ್ಚಿನಿಂದ ತೆಳು ವೈರು. 85 ಅರ್ಥ್‌ಗೆ. ಮುಗಿಯಿತು. ಮುಂದಿನ ದೀಪಕ್ಕೊಂದು, ಹಿಂದಿನದಕ್ಕೊಂದು ಬೇರೆ ಬೇರೆ ಸ್ವಿಚ್ಚು ಇರಲಿ. ಏಕೆಂಬುದು ಮುಂದೆ ತಿಳಿಯುತ್ತದೆ.

ಫ್ಯೂಸ್ ಮರೆಯಲೇಬಾರದು. ಅದು ಬ್ಯಾಟರಿಯ ಪಕ್ಕದಲ್ಲೇ, ಒಂದು ಗೇಣಿನೊಳಗೆ ಇರಬೇಕು. ದೀಪದ ಹತ್ತಿರ ಹಾಕಿದರೆ ನಡುವಿನ ವೈರು ಉಜ್ಜಿ ಬಾಡಿಗೆ ತಾಗಿದಾಗ ಫ್ಯೂಸ್‌ಗೆ ಸುದ್ದಿಯೇ ಮುಟ್ಟುವುದಿಲ್ಲ; ವೈರಿಗೇ ಬೆಂಕಿ. ನಾಲ್ಕು 18 ವಾಟಿನ ಎಲ್‌ಇಡಿಗೆ 10 ಆಂಪಿಯರ್, ಎರಡು ಹ್ಯಾಲೋಜನ್ನಿಗೆ 15 ಆಂಪಿಯರ್ ಸಾಕು. ಪದೇ ಪದೇ ಹೋಗುತ್ತದೆಂದು ತಂತಿ ಸುತ್ತುವುದು ಮನೆಗೆ ಕಳ್ಳ ಬಂದನೆಂದು ನಾಯಿಗೆ ಹೊಡೆದ ಹಾಗೆ.

ಕೆಲಸಕ್ಕೆ ಮೊದಲು ಎಂಜಿನ್ ನಿಲ್ಲಿಸಿ ಬ್ಯಾಟರಿಯ ಮೈನಸ್ ವೈರು ಕಳಚಬೇಕು. ಎಂಜಿನ್ ಓಡುತ್ತಿರುವಾಗ ಕಳಚಿದರೆ ವೋಲ್ಟೇಜು ಒಮ್ಮೆಲೇ ಏರಿ ಎಲ್‌ಇಡಿ ಸುಟ್ಟೀತು. ತಗಡಿನ ತೂತಿನಲ್ಲಿ ವೈರು ಹಾಯುವಲ್ಲಿ ರಬ್ಬರ್ ಬುಷ್ ಹಾಕಿ. ಸೈಲೆನ್ಸರ್, ಪಿ.ಟಿ.ಓ. ಶಾಫ್ಟಿನಿಂದ ದೂರವಿಟ್ಟು ಕಟ್ಟಿ. ಜೋಡಿಕೆಗೆ ಬರೀ ಟೇಪು ನಮ್ಮ ಒಂದು ಮಳೆಗಾಲವನ್ನೂ ತಡೆಯುವುದಿಲ್ಲ. ಲಗ್ ಒತ್ತಿಸಿ, ಮೇಲೆ ಸ್ಲೀವ್ ಹಾಕಿಸಿ ಬಿಸಿ ಮಾಡಿಸಿ. ಅರ್ಥ್ ಕೊಡುವಲ್ಲಿ ಪೇಂಟು ಕೆರೆದು ಹೊಳೆಯುವ ಕಬ್ಬಿಣಕ್ಕೇ ಬೋಲ್ಟು ಬಿಗಿಯಬೇಕು, ಮೇಲೆ ಗ್ರೀಸು ಸವರಬೇಕು. ಕೊಡಗಿನ ಟ್ರ್ಯಾಕ್ಟರುಗಳಲ್ಲಿ 'ದೀಪ ಹೋಯಿತು' ಎಂದರೆ ಮೊದಲು ನೋಡಬೇಕಾದದ್ದು ತುಕ್ಕು ಹಿಡಿದ ಅರ್ಥನ್ನೇ.

ಮಂಜಿಗೆ ಯಾವ ದೀಪ?

"ಹಳದಿ ಹಾಕಿದರೆ ಮಂಜು ಸೀಳುತ್ತದೆ" ಎಂಬುದು ನಮ್ಮಲ್ಲಿ ಬೇರೂರಿದ ಮಾತು. ಆದರೆ ಮಂಜಿನ ಹನಿ ಬೆಳಕಿನ ಅಲೆಗಿಂತ ಎಷ್ಟೋ ಪಾಲು ದೊಡ್ಡದು. ಅದು ಬಿಳಿ, ಹಳದಿ ಎಂದು ಭೇದ ಮಾಡದೆ ಎಲ್ಲವನ್ನೂ ಚದುರಿಸುತ್ತದೆ. ಮುಖ್ಯವಾದದ್ದು ಬಣ್ಣಕ್ಕಿಂತ ದೀಪದ ಜಾಗ. ಚಾಲಕನ ತಲೆಯ ಮೇಲಿನ ಕಮಾನಿಗೆ ದೀಪ ಕಟ್ಟಿದರೆ ಕಣ್ಣೆದುರಿನ ಮಂಜಿಗೇ ಬೆಳಕು ಬಿದ್ದು ಬಿಳಿ ಗೋಡೆ ಎದ್ದ ಹಾಗಾಗುತ್ತದೆ. ದೀಪ ತಗ್ಗಿನಲ್ಲಿ, ಕಣ್ಣಿನಿಂದ ದೂರದಲ್ಲಿ, ನೆಲ ನೋಡುವ ಹಾಗಿದ್ದರೆ ದಾರಿ ಕಾಣುತ್ತದೆ. ತೋಟದೊಳಗಿನ ಕೆಲಸಕ್ಕೆ ಅಗಲವಾಗಿ ಹರಡುವ ಬೆಳಕು ಬೇಕು. ಬಾಣದಂತೆ ದೂರ ಹೋಗುವ ಬೆಳಕು ಕಾಫಿ ಗಿಡಕ್ಕೆ ಹೊಡೆದು ಅಲ್ಲೇ ನಿಲ್ಲುತ್ತದೆ.

ಸಿದ್ದಾಪುರ, ವಿರಾಜಪೇಟೆ ಕಡೆಯವರು ಕಾಡಾನೆಗೆಂದೇ ದೀಪ ಹಾಕಿಸುವುದುಂಟು. ದೂರದಿಂದಲೇ ಆನೆ ಕಂಡರೆ ಗಾಡಿ ನಿಲ್ಲಿಸಿ ಹಿಂದೆ ಸರಿಯಬಹುದು, ಅರಣ್ಯ ಇಲಾಖೆಗೆ ತಿಳಿಸಬಹುದು. ಪ್ರಯೋಜನ ಅಷ್ಟೇ. ದೀಪ ಬಿಟ್ಟು ಆನೆ ಓಡಿಸುತ್ತೇನೆ ಎಂದು ಹೊರಡುವುದು ಪ್ರಾಣದ ಜೊತೆ ಪಂಥ.

ಕಾನೂನು ಏನು ಹೇಳುತ್ತದೆ?

ಈಗ ರಸ್ತೆಯ ಮಾತು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಸೂರ್ಯ ಮುಳುಗಿ ಅರ್ಧ ಗಂಟೆಯಿಂದ ಹಿಡಿದು ಸೂರ್ಯ ಹುಟ್ಟಲು ಅರ್ಧ ಗಂಟೆ ಇರುವವರೆಗೂ ದೀಪ ಉರಿಯಲೇಬೇಕು. ಹಗಲಿನಲ್ಲಾದರೂ 155 ಮೀಟರ್ ಮುಂದಿರುವ ಜನ, ವಾಹನ ಸ್ಪಷ್ಟವಾಗಿ ಕಾಣದಷ್ಟು ಬೆಳಕು ಕಡಿಮೆಯಿದ್ದರೆ ಇದೇ ನಿಯಮ. ನಮ್ಮ ಜುಲೈ ತಿಂಗಳ ಮಧ್ಯಾಹ್ನ ಎಷ್ಟೋ ದಿನ ಇದಕ್ಕೆ ಸೇರುತ್ತದೆ. ಹಿಂದಿನ ಕೆಂಪು ದೀಪವೂ 155 ಮೀಟರ್ ದೂರಕ್ಕೆ ಕಾಣಬೇಕು.

ಅದೇ ನಿಯಮಗಳಲ್ಲಿ ಇನ್ನೊಂದು ಮಾತಿದೆ. ರಿವರ್ಸ್ ದೀಪ, ನಂಬರ್ ಪ್ಲೇಟಿನ ದೀಪದಂಥ ಕೆಲವನ್ನು ಬಿಟ್ಟರೆ ವಾಹನದ ಹಿಂದಕ್ಕೆ ಕೆಂಪಲ್ಲದೆ ಬೇರೆ ಬೆಳಕು ತೋರಿಸುವಂತಿಲ್ಲ. ಗದ್ದೆಯಲ್ಲಿ ಉಳುಮೆ ನೋಡಲು ಹಾಕಿದ ಪ್ಲೌ ಲ್ಯಾಂಪನ್ನು ಆರಿಸದೆ ರಸ್ತೆಗೆ ಬಂದರೆ ಹಿಂದಿನವನ ಕಣ್ಣು ಕುರುಡು. ಅವನಿಗೆ ಅದು ಎದುರಿನಿಂದ ಬರುವ ಗಾಡಿಯೋ, ಮುಂದೆ ಹೋಗುವ ಗಾಡಿಯೋ ಗೊತ್ತಾಗುವುದಿಲ್ಲ. ಬೇರೆ ಸ್ವಿಚ್ಚು ಇರಲಿ ಎಂದದ್ದು ಇದಕ್ಕೇ. ತೋಟದ ಗೇಟು ದಾಟುವಾಗ ಕೆಲಸದ ದೀಪಗಳೆಲ್ಲ ಆರಬೇಕು. ಸ್ವಿಚ್ಚಿನಲ್ಲಿ ಸಣ್ಣ ಕೆಂಪು ಚುಕ್ಕೆ ಉರಿಯುವ ಮಾದರಿ ಹಾಕಿಸಿದರೆ ಚಾಲಕನಿಗೆ ನೆನಪಾಗುತ್ತದೆ.

ಟ್ರೇಲರ್‌ಗೂ ಒಂದಿಷ್ಟು ಬೆಳಕು

ಟ್ರ್ಯಾಕ್ಟರಿನ ಹಿಂದೆ ಕಂಪೆನಿಯ ಕೆಂಪು ದೀಪವಿದೆಯಲ್ಲ ಎನ್ನಬಹುದು. ಟ್ರೇಲರ್ ಸಿಕ್ಕಿಸಿ ಹದಿನೈದು ಮೂಟೆ ಹೇರಿದ ಮೇಲೆ ಅದು ಯಾರಿಗೆ ಕಾಣುತ್ತದೆ, ಸ್ವಾಮಿ? ಟ್ರೇಲರ್‌ಗೆ ಅದರದೇ ಕೆಂಪು ದೀಪ, ಇಂಡಿಕೇಟರ್ ಬೇಕು. ಏಳು ಪಿನ್ನಿನ ಸಾಕೆಟ್ ಹಾಕಿಸಿದರೆ ಟ್ರೇಲರ್ ಸಿಕ್ಕಿಸುವಾಗ ವೈರನ್ನೂ ಸಿಕ್ಕಿಸಬಹುದು. ಎರಡು ಸಣ್ಣ ಎಲ್‌ಇಡಿ ಕೆಂಪು ದೀಪ ಒಂದು ಆಂಪಿಯರ್ ಕೂಡ ಎಳೆಯುವುದಿಲ್ಲ. ವೈರು ಕಡಿದರೂ, ಬ್ಯಾಟರಿ ಬಿದ್ದರೂ ಕೆಲಸ ಮಾಡುವುದು ಹೊಳೆಯುವ ಕೆಂಪು ಟೇಪು, ರಿಫ್ಲೆಕ್ಟರ್. ಅದನ್ನು ಹಲಗೆಯ ಎರಡೂ ಅಂಚಿಗೆ ಅಂಟಿಸಿ. ಟಾರ್ಪಾಲು ಅದರ ಮೇಲೆ ಇಳಿಬೀಳದಂತೆ ಕಟ್ಟಿ, ಕೆಸರು ಮೆತ್ತಿದರೆ ಒರೆಸಿ.

ಇದಕ್ಕೆಲ್ಲ ಆಗುವ ಖರ್ಚು ಮುಂದಿನ ಒಂದು ಜೊತೆ ಒಳ್ಳೆಯ ದೀಪಕ್ಕಿಂತ ಕಡಿಮೆ. ಆದರೂ ಕೆಲಸದ ಗಡಿಬಿಡಿಯಲ್ಲಿ ಹಿಂದಕ್ಕೆ ಬೀಳುವುದು ಇದೇ. ಚಾಲಕ ಹುಡುಗ "ಸಾವುಕಾರ್ರೇ, ಹಿಂದೆ ಲೈಟಿಲ್ಲ" ಎಂದರೆ "ಹತ್ತಿರವೇ ಅಲ್ಲವಾ, ನಿಧಾನ ಹೋಗು" ಎಂಬ ಉತ್ತರ ಸಿಗುವುದುಂಟು. ಹುಡುಗ ನಿಧಾನವೇ ಹೋಗುತ್ತಾನೆ. ಹಿಂದಿನಿಂದ ಬರುವವನು ನಿಧಾನ ಬರಬೇಕಲ್ಲ?

ಕೊಯ್ಲಿಗೆ ಮೊದಲು ಗೋಣಿಚೀಲ ಎಣಿಸುತ್ತೇವೆ, ಟಾರ್ಪಾಲು ಬಿಡಿಸಿ ನೋಡುತ್ತೇವೆ, ಕಣ ಗುಡಿಸುತ್ತೇವೆ. ಆ ಪಟ್ಟಿಗೆ ಟ್ರೇಲರಿನ ಎರಡು ಕೆಂಪು ದೀಪವನ್ನೂ ಸೇರಿಸಿಕೊಳ್ಳಬಾರದೇಕೆ? ಪೊಲೀಸರೂ ಸಾರಿಗೆ ಇಲಾಖೆಯವರೂ ದಂಡದ ಪುಸ್ತಕ ತೆಗೆಯುವ ಮೊದಲು ಸಂತೆ ದಿನ ಕುಶಾಲನಗರ, ಗೋಣಿಕೊಪ್ಪ, ನಾಪೋಕ್ಲುಗಳಲ್ಲಿ ನಿಂತು ಟ್ರೇಲರುಗಳಿಗೆ ಒಂದೊಂದು ಮೊಳ ಕೆಂಪು ಟೇಪು ಅಂಟಿಸಿ ಕಳಿಸಿದರೆ ಅರ್ಧ ಕೆಲಸ ಆದಂತೆ. ಸಂಬಂಧಪಟ್ಟವರು ಗಮನಿಸುವರೇ?