ಕೆಟ್ಟ ಓವನ್ ಮತ್ತು ದುರಸ್ತಿಯ ಲೆಕ್ಕ

ಮನೆಯ ಉಪಕರಣವೊಂದು ಕೆಟ್ಟರೆ ದುರಸ್ತಿ ಮಾಡಿಸಬೇಕೋ, ಹೊಸದನ್ನು ಕೊಳ್ಳಬೇಕೋ ಎಂಬ ಪ್ರಶ್ನೆಗೆ ಮಧ್ಯಮ ವರ್ಗದವರ ನಡುವೆ ಒಂದು ಸಿದ್ಧ ಸೂತ್ರವಿದೆ. ದುರಸ್ತಿಯ ಖರ್ಚು ಹೊಸದರ ಬೆಲೆಯ ಅರ್ಧವನ್ನು ಮೀರಿದರೆ ಹೊಸದನ್ನೇ ಕೊಳ್ಳಿ ಎಂಬುದು ಆ ಸೂತ್ರ. ಕೇಳಲು ಸರಳ, ನೆನಪಿಡಲು ಸುಲಭ. ಅರ್ಥಶಾಸ್ತ್ರ ಓದಿ ಮೂರು ದಶಕಗಳನ್ನು ಸರ್ಕಾರಿ ಕಡತಗಳ ನಡುವೆ ಕಳೆದ ನನಗೆ ಮಾತ್ರ ಇದರ ಮೇಲೆ ಎಂದೂ ಪೂರ್ಣ ವಿಶ್ವಾಸ ಹುಟ್ಟಿಲ್ಲ. ಕಳೆದ ಮಳೆಗಾಲದಲ್ಲಿ ರೋಣದ ನಮ್ಮ ಮನೆಯ ವಿದ್ಯುತ್ ಓವನ್ ಕೆಟ್ಟಾಗ ಈ ಸೂತ್ರವನ್ನು ಒರೆಗೆ ಹಚ್ಚುವ ಅವಕಾಶ ತಾನಾಗಿ ಒದಗಿತು.

ಇದು ಮೈಕ್ರೊವೇವ್ ಅಲ್ಲ; ಮೇಲೆ ಕೆಳಗೆ ಕಾಯುವ ಸರಳುಗಳಿರುವ, ಓಟಿಜಿ ಎಂದು ಕರೆಯುವ ಪೆಟ್ಟಿಗೆ. ಹನ್ನೊಂದು ವರ್ಷಗಳ ಹಿಂದೆ ಕೊಂಡದ್ದು. ನನ್ನ ಪತ್ನಿ ಇದರಲ್ಲಿ ಬದನೆಕಾಯಿ ಸುಡುತ್ತಾರೆ, ಹಿಂಡಿಗೆ ಬೇಕಾದ ಶೇಂಗಾ ಹುರಿಯುತ್ತಾರೆ, ಮೊಮ್ಮಕ್ಕಳು ಬಂದಾಗ ಬಿಸ್ಕತ್ತು ಮಾಡುತ್ತಾರೆ. ಒಂದು ದಿನ ಬಿಸ್ಕತ್ತುಗಳು ಮೇಲೆ ಕರಿಯಾಗಿ, ಕೆಳಗೆ ಹಸಿಯಾಗಿ ಹೊರಬಂದವು. ಕೆಳಗಿನ ಸರಳು ಸತ್ತಿತ್ತು. ತಯಾರಕ ಕಂಪನಿಯ ಸೇವಾ ಕೇಂದ್ರಕ್ಕೆ ದೂರವಾಣಿ ಮಾಡಿದರೆ, ಆ ಮಾದರಿಯೇ ನಿಂತಿದೆ, ಬಿಡಿಭಾಗ ಬರುವುದಿಲ್ಲ, ಹಳೆಯದನ್ನು ಕೊಟ್ಟರೆ ಹೊಸದರ ಬೆಲೆಯಲ್ಲಿ ಐನೂರು ರೂಪಾಯಿ ರಿಯಾಯಿತಿ ಇದೆ ಎಂಬ ಉತ್ತರ ಬಂತು. ಬೆಂಗಳೂರಿನಲ್ಲಿರುವ ಮಗಳ ತೀರ್ಪು ಅದಕ್ಕಿಂತ ಚುಟುಕು: “ಅಪ್ಪಾ, ಇನ್ನೂ ಯಾಕ ಅದಕ್ಕ ರೊಕ್ಕಾ ಹಾಕ್ತೀರಿ? ಹೊಸಾದು ತಗೋರಿ.”

ಗಜೇಂದ್ರಗಡದಲ್ಲಿ ಮೋಟಾರುಗಳಿಗೆ ತಂತಿ ಸುತ್ತುವ ಮೆಕ್ಯಾನಿಕ್ ಒಬ್ಬರಿದ್ದಾರೆ. ಪೆಟ್ಟಿಗೆಯನ್ನು ಬಸ್ಸಿನಲ್ಲಿ ಅವರ ಬಳಿ ಒಯ್ದೆ. ಹಿಂಬದಿಯ ತಗಡು ಬಿಚ್ಚಿ ಒಳಗೊಮ್ಮೆ ನೋಡಿ ಅವರು ಹೇಳಿದ್ದು ಇಷ್ಟು: “ಸಾಹೇಬ್ರ, ಇದರಾಗ ಕೆಡೂವಂಥಾವು ಮೂರು ಸಾಮಾನು. ರಾಡು, ಥರ್ಮೋಸ್ಟಾಟ್, ಟೈಮರ್. ಉಳಿದದ್ದೆಲ್ಲಾ ಬರೇ ತಗಡು.” ಓಟಿಜಿಯ ಬಗ್ಗೆ ಇದಕ್ಕಿಂತ ಸ್ಪಷ್ಟವಾದ ವಿವರಣೆಯನ್ನು ನಾನು ಬೇರೆಲ್ಲೂ ಕೇಳಿಲ್ಲ. ಸರಳು ಎಂದರೆ ಉಕ್ಕಿನ ಕೊಳವೆ. ಅದರೊಳಗೆ ನಿಕ್ರೋಮ್ ತಂತಿಯ ಸುರುಳಿ, ತಂತಿಗೂ ಕೊಳವೆಗೂ ನಡುವೆ ಮೆಗ್ನೀಸಿಯಂ ಆಕ್ಸೈಡಿನ ಪುಡಿ. ಈ ಪುಡಿ ಶಾಖವನ್ನು ಹೊರಬಿಡುತ್ತದೆ, ವಿದ್ಯುತ್ತನ್ನು ತಡೆಯುತ್ತದೆ. ಥರ್ಮೋಸ್ಟಾಟಿನಲ್ಲಿರುವುದು ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವ ಎರಡು ಲೋಹಗಳ ಪಟ್ಟಿ. ಕಾದಾಗ ಬಾಗಿ ಸಂಪರ್ಕ ಕಡಿಯುತ್ತದೆ, ತಣಿದಾಗ ಮತ್ತೆ ಕೂಡಿಸುತ್ತದೆ. ಉದ್ದ ಮತ್ತು ವ್ಯಾಟ್ ಹೊಂದಿದರೆ ಸರಳಿಗೆ ಕಂಪನಿಯ ಹೆಸರಿನ ಹಂಗಿಲ್ಲ. ಎರಡೂ ಸರಳು, ಥರ್ಮೋಸ್ಟಾಟ್, ಕೂಲಿ ಸೇರಿ 1,200 ರೂಪಾಯಿ. ಬಸ್ಸಿನ ಓಡಾಟ 200.

ಈಗ ಲೆಕ್ಕಕ್ಕೆ ಬರೋಣ. ಅದೇ ಗಾತ್ರದ ಹೊಸ ಓವನ್ನಿಗೆ ಅಂಗಡಿಯವರು ಹೇಳಿದ ಬೆಲೆ 6,400 ರೂಪಾಯಿ. ಅದು ಎಂಟು ವರ್ಷ ಬಾಳುತ್ತದೆಂದು ಹಿಡಿದರೆ ವರ್ಷಕ್ಕೆ 800 ರೂಪಾಯಿ ಬೀಳುತ್ತದೆ. ನನ್ನ ದುರಸ್ತಿಯ ಖರ್ಚು 1,400. ಅಂದರೆ ಹಳೆಯ ಪೆಟ್ಟಿಗೆ ಇನ್ನು 21 ತಿಂಗಳು ನಡೆದರೆ ಹಾಕಿದ ಹಣ ಸರಿಹೋಯಿತು. ಅದರಾಚೆ ನಡೆದಷ್ಟೂ ಲಾಭ. ಕೇಳಬೇಕಾದ ಪ್ರಶ್ನೆ ಇದು: ದುರಸ್ತಿಯಾದ ಮೇಲೆ ಎಷ್ಟು ಕಾಲ ಬಾಳೀತು? ಅರ್ಧ ಬೆಲೆಯ ಸೂತ್ರ ಆಯುಷ್ಯವನ್ನು ಕೇಳುವುದೇ ಇಲ್ಲ. ಹನ್ನೊಂದು ವರ್ಷದ ಹಿಂದೆ ಎಷ್ಟು ಕೊಟ್ಟೆವು ಎಂಬುದಂತೂ ಈ ಲೆಕ್ಕದಲ್ಲಿ ಬರಲೇಬಾರದು. ಆ ಹಣ ಮುಳುಗಿ ಹೋದದ್ದು. “ಅಷ್ಟು ಕೊಟ್ಟು ತಂದಿದ್ದೆವು” ಎಂದು ಹಳೆಯದಕ್ಕೆ ಜೋತುಬೀಳುವವರನ್ನೂ “ಅದರ ಹಣ ಆಗಲೇ ವಸೂಲಾಗಿದೆ” ಎಂದು ಹೊರಗೆಸೆಯುವವರನ್ನೂ ನೋಡಿದ್ದೇನೆ. ಇಬ್ಬರ ಎಣಿಕೆಯೂ ಒಂದೇ ಕಡೆ ತಪ್ಪುತ್ತದೆ.

ಹೊಸದು ವಿದ್ಯುತ್ ಉಳಿಸುತ್ತದೆ ಎಂಬುದು ಅಂಗಡಿಯವರ ಮತ್ತೊಂದು ವಾದ. ಫ್ರಿಜ್ಜಿನ ವಿಷಯದಲ್ಲಿ ಅದನ್ನು ಒಪ್ಪಬಹುದು. ಹಗಲಿರುಳು ನಡೆಯುವ ಹಳೆಯ ಕಂಪ್ರೆಸರ್ ನಿಜಕ್ಕೂ ಹೆಚ್ಚು ಉಣ್ಣುತ್ತದೆ. ಕಾಯುವ ಸರಳಿನಲ್ಲಿ ಇಂಥ ಚಮತ್ಕಾರಕ್ಕೆ ಎಡೆಯಿಲ್ಲ. ಒಳಹೊಕ್ಕ ವಿದ್ಯುತ್ತು ಹೆಚ್ಚುಕಡಿಮೆ ಪೂರ್ತಿಯಾಗಿ ಶಾಖವೇ ಆಗುತ್ತದೆ. 1,500 ವ್ಯಾಟಿನ ಸರಳು ಒಂದು ಗಂಟೆ ಪೂರ್ಣ ಉರಿದರೆ ಒಂದೂವರೆ ಯೂನಿಟ್, ಹಳೆಯದಾದರೂ ಅಷ್ಟೇ, ಹೊಸದಾದರೂ ಅಷ್ಟೇ. ಬಾಗಿಲು ಬಿಗಿಯಾಗಿ ಮುಚ್ಚುತ್ತದೆಯೇ ಎಂಬುದನ್ನು ಮಾತ್ರ ನೋಡಿಕೊಳ್ಳಬೇಕು.

ಹಾಗೆಂದು ಎಲ್ಲವನ್ನೂ ರಿಪೇರಿ ಮಾಡಿಸಿ ಎಂದು ನಾನು ವಾದಿಸುತ್ತಿಲ್ಲ. ಮೈಕ್ರೊವೇವಿನ ಒಳಗಿನ ಕೆಪಾಸಿಟರ್ ಪ್ಲಗ್ ಕಿತ್ತ ಮೇಲೂ ಪ್ರಾಣ ತೆಗೆಯುವಷ್ಟು ವಿದ್ಯುತ್ತನ್ನು ಹಿಡಿದಿಟ್ಟಿರಬಲ್ಲದು. ಅದನ್ನು ಬಲ್ಲವರಲ್ಲದೆ ಬೇರೆಯವರು ಬಿಚ್ಚಕೂಡದು. ಅದರ ಬಾಗಿಲು ಸೊಟ್ಟಗಾಗಿ ಸರಿಯಾಗಿ ಕೂಡದಿದ್ದರೆ ಹಾಗೆಯೇ ಬಳಸುವ ಮಾತೇ ಇಲ್ಲ. ಹೊಸ ಬಾಗಿಲು ಸಿಗದಿದ್ದರೆ ಬದಲಾಯಿಸುವುದೊಂದೇ ದಾರಿ. ಅಡುಗೆ ಅನಿಲದ ರಬ್ಬರ್ ಕೊಳವೆಯನ್ನು ಐದು ವರ್ಷಕ್ಕೊಮ್ಮೆ ಬದಲಿಸಿ ಎಂಬುದು ತೈಲ ಕಂಪನಿಗಳ ಸೂಚನೆ. ನೋಡಲು ಗಟ್ಟಿಯಾಗಿದೆ ಎಂದು ಅಲ್ಲಿ ಮಿತವ್ಯಯ ತೋರುವುದು ಬೇಡ. ಓಟಿಜಿಯಲ್ಲಿ ಕೂಡ ಸರಳಿನೊಳಗೆ ತೇವ ಹೊಕ್ಕರೆ ಮೈಗೆ ವಿದ್ಯುತ್ ಹರಿಯಬಹುದು. ಗಜೇಂದ್ರಗಡದ ಮೆಕ್ಯಾನಿಕ್ ದುರಸ್ತಿ ಮುಗಿಸಿದ ಬಳಿಕ ಮೆಗ್ಗರ್ ಹಚ್ಚಿ ಸೋರಿಕೆಯನ್ನು ಪರೀಕ್ಷಿಸಿದರು, ಮನೆಯ ಅರ್ಥಿಂಗ್ ಸರಿಯಿದೆಯೇ ಎಂದು ಎರಡು ಬಾರಿ ಕೇಳಿದರು.

ಓವನ್ ರಿಪೇರಿಯನ್ನೇ ನಂಬಿದ ಅಂಗಡಿಯಲ್ಲಿ ಮೆಗ್ಗರ್ ಇರುವುದು ಅಪರೂಪ. ಇವರಲ್ಲಿ ಅದು ಇರುವುದಕ್ಕೆ ಕಾರಣ ಮೋಟಾರುಗಳು. ಗಜೇಂದ್ರಗಡ ನೇಕಾರರ ಊರು. ಸುತ್ತಲ ಹಳ್ಳಿಗಳಲ್ಲಿ ಪಂಪ್‌ಸೆಟ್ಟುಗಳಿವೆ. ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯ ಮೇಲಿರುವ ನರಗುಂದದಲ್ಲಿ ಲಾರಿ, ಟ್ರ್ಯಾಕ್ಟರುಗಳ ಗ್ಯಾರೇಜುಗಳಿರುವುದೂ ಇದೇ ನ್ಯಾಯದಿಂದ. ಒಂದು ಉದ್ಯೋಗ ನೆಲೆನಿಂತ ಕಡೆ ಅದರ ಸುತ್ತ ಕೌಶಲವೂ ನೆಲೆಯೂರುತ್ತದೆ ಎಂದು ಆಲ್ಫ್ರೆಡ್ ಮಾರ್ಷಲ್ ನೂರು ವರ್ಷಕ್ಕೂ ಹಿಂದೆಯೇ ವಿವರಿಸಿದ್ದರು. ನನ್ನ ಓವನ್ ಬದುಕಿದ್ದು ನೇಕಾರರ ಮತ್ತು ರೈತರ ಪುಣ್ಯದಿಂದ. ಆ ಮೆಕ್ಯಾನಿಕ್ ಇಲ್ಲದೆ ಹೋಗಿದ್ದರೆ? ಹುಬ್ಬಳ್ಳಿಯಿಂದ ತಂತ್ರಜ್ಞರನ್ನು ಕರೆಸಬೇಕಿತ್ತು. ಅವರ ಪ್ರಯಾಣ, ಭೇಟಿಯ ಶುಲ್ಕ, ಸಾಮಾನು ತರಲು ಎರಡನೆಯ ಭೇಟಿ ಎಲ್ಲ ಕೂಡಿದರೆ ಖರ್ಚು 3,200ನ್ನು ಮುಟ್ಟುವುದು ಕಷ್ಟವೇನಲ್ಲ. ಆಗ ಅರ್ಧ ಬೆಲೆಯ ಸೂತ್ರ ‘ಬಿಸಾಡು’ ಎನ್ನುತ್ತದೆ. ಅದೇ ಪೆಟ್ಟಿಗೆ, ಅದೇ ಸತ್ತ ಸರಳು. ಹುಬ್ಬಳ್ಳಿಯಲ್ಲಿದ್ದರೆ ದುರಸ್ತಿಗೆ ಯೋಗ್ಯ, ರೋಣದಲ್ಲಿದ್ದರೆ ಗುಜರಿಗೆ ಯೋಗ್ಯ!

ನಮ್ಮ ಹಿರಿಯರ ಕಾಲದಲ್ಲಿ ಈ ಅಂತರದ ಸಮಸ್ಯೆ ಇರಲಿಲ್ಲ. ಬಡಿಗ, ಕಮ್ಮಾರರು ವರ್ಷವಿಡೀ ಕೂರಿಗೆ, ಕುಂಟೆ, ಬಂಡಿಗಳನ್ನು ಸರಿಮಾಡಿಕೊಟ್ಟು ಸುಗ್ಗಿಯಲ್ಲಿ ಕಣಕ್ಕೆ ಬಂದು ಆಯ ಒಯ್ಯುತ್ತಿದ್ದರು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಅದು ವಾರ್ಷಿಕ ನಿರ್ವಹಣಾ ಒಪ್ಪಂದ. ಎಷ್ಟು ಸಲ ಕೆಟ್ಟರೂ ಆಯ ಅಷ್ಟೇ. ಹಾಗಾಗಿ ಕೆಡದಂತೆ ಮಾಡಿಕೊಡುವುದರಲ್ಲಿಯೇ ಕುಶಲಕರ್ಮಿಯ ಹಿತವಿತ್ತು. ಆ ಪದ್ಧತಿ ಜಾತಿಗೆ ಕಟ್ಟುಬಿದ್ದಿತ್ತು, ದುಡಿಯುವವನಿಗೆ ಚೌಕಾಸಿಯ ಬಲವಿರಲಿಲ್ಲ ಎಂಬುದನ್ನು ಮರೆತು ಅದನ್ನು ಹೊಗಳಲಾರೆ. ಅಡುಗೆಮನೆಯ ದುರಸ್ತಿ ಮಾತ್ರ ಪೂರ್ತಿ ಹೆಂಗಸರದೇ. ನಮ್ಮ ಎರೆಮಣ್ಣು ಒಣಗಿದರೆ ಬಿರುಕು ಬಿಡುತ್ತದೆ. ಒಲೆಗೆ ಅದು ಆಗದು. ಹುತ್ತದ ಮಣ್ಣನ್ನೋ ಕೆಮ್ಮಣ್ಣನ್ನೋ ಹೊಟ್ಟಿನೊಂದಿಗೆ ಕಲಸಿ ಒಲೆ ಹಾಕಿ, ಬಿರುಕು ಕಂಡಾಗಲೆಲ್ಲ ಮೆತ್ತಿ, ಸಗಣಿಯಿಂದ ಸಾರಿಸುತ್ತಿದ್ದರು. ಒಲೆ ಕೆಟ್ಟಿದೆ ಎಂದು ಅಡುಗೆ ನಿಂತ ದಿನ ನನಗೆ ನೆನಪಿಲ್ಲ.

ಈ ಮಣ್ಣಿನ ಒಲೆಯನ್ನು ಸುಧಾರಿಸಲು ಹೊರಟ ಕಥೆಯನ್ನು ನಾವು ಇನ್ನೂ ಸರಿಯಾಗಿ ಓದಿಕೊಂಡಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ.ಕೆ.ಎನ್. ರೆಡ್ಡಿಯವರ ನೇತೃತ್ವದಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರದಿಂದ ಬಂದದ್ದು ಅಸ್ತ್ರ ಒಲೆ. ಸೌದೆಯ ಉಳಿತಾಯ, ಹೊಗೆ ಹೊರಹೋಗಲು ಚಿಮಣಿ. ನಿಜಕ್ಕೂ ಒಳ್ಳೆಯ ವಿನ್ಯಾಸ. ಆದರೆ ಆ ಗುಣವೆಲ್ಲ ಅಳತೆಯಲ್ಲಿತ್ತು. ಪಾತ್ರೆಗೂ ಒಲೆಗೂ ನಡುವಿನ ಸಂದು, ಕೆಳಗಿನ ಜಾಲರಿ, ಹೊಗೆಯ ದಾರಿ ಇವುಗಳ ಲೆಕ್ಕ ತಪ್ಪಿದರೆ ಒಲೆ ಹಳೆಯ ಚಾಳಿಗೆ ಮರಳುತ್ತಿತ್ತು. ಕೈಯಂದಾಜಿನಲ್ಲಿ ಮೆತ್ತಿ ಅಭ್ಯಾಸವಿದ್ದ ಗೃಹಿಣಿಗೆ ತನ್ನ ಒಲೆಯನ್ನು ತಾನೇ ಸರಿಮಾಡಿಕೊಳ್ಳುವ ಸ್ವಾತಂತ್ರ್ಯ ಅಲ್ಲಿಗೆ ಹೋಯಿತು. ಅವಳ ಬದಲಿಗೆ ಸರಿಮಾಡುವವರು ಯಾರೆಂಬುದು ತೀರ್ಮಾನವಾಗಲಿಲ್ಲ. ಕೇಂದ್ರ ಸರ್ಕಾರ 1983ರಲ್ಲಿ ಕೈಗೊಂಡು 2002ರಲ್ಲಿ ಕೈಬಿಟ್ಟ ರಾಷ್ಟ್ರೀಯ ಸುಧಾರಿತ ಒಲೆ ಕಾರ್ಯಕ್ರಮದಲ್ಲಿ ದೇಶದಾದ್ಯಂತ ಮೂರು ಕೋಟಿಗೂ ಹೆಚ್ಚು ಒಲೆಗಳು ನಿರ್ಮಾಣವಾದವು. ಹಾಕಿದ ಒಲೆಗೆ ಸಹಾಯಧನವಿತ್ತು, ಹಾಕಿದ ಮೇಲೆ ನೋಡಿಕೊಳ್ಳುವ ಏರ್ಪಾಡು ದುರ್ಬಲವಾಗಿತ್ತು. ನನ್ನ ಸೇವಾವಧಿಯಲ್ಲಿ ಕಂಡ ಮಾಸಿಕ ಪ್ರಗತಿ ವರದಿಗಳಲ್ಲಿ, ಯೋಜನೆ ಯಾವುದೇ ಇರಲಿ, ‘ಗುರಿ’ ಮತ್ತು ‘ಸಾಧನೆ’ ಎಂಬ ಎರಡು ಅಂಕಣಗಳು ತಪ್ಪುತ್ತಿರಲಿಲ್ಲ. ‘ಇಂದು ಚಾಲನೆಯಲ್ಲಿರುವುದು’ ಎಂಬ ಅಂಕಣ ಕಂಡದ್ದು ಕಡಿಮೆ.

ಅರ್ಥಶಾಸ್ತ್ರಜ್ಞರಾದ ಎಸ್ತರ್ ಡುಫ್ಲೊ, ಮೈಕೆಲ್ ಗ್ರೀನ್‌ಸ್ಟೋನ್ ಮತ್ತು ರೇಮಾ ಹನ್ನಾ ಒಡಿಶಾದ ಹಳ್ಳಿಗಳಲ್ಲಿ ಇಂಥ ಒಲೆಗಳನ್ನು ನಾಲ್ಕು ವರ್ಷಗಳವರೆಗೆ ಹಿಂಬಾಲಿಸಿ ಅಧ್ಯಯನ ನಡೆಸಿದರು. ಅಡುಗೆ ಮಾಡುವವರು ಸೇವಿಸುವ ಹೊಗೆ ಮೊದಲ ವರ್ಷ ಕಡಿಮೆಯಾಯಿತು. ಆಮೇಲೆ ಆ ವ್ಯತ್ಯಾಸ ಮಾಯವಾಯಿತು. ಜನ ಒಲೆಗಳನ್ನು ಸತತವಾಗಿ ಬಳಸಲಿಲ್ಲ, ದುರಸ್ತಿ ಮಾಡಿಸಲಿಲ್ಲ. ಪ್ರಯೋಗಾಲಯದ ಒಲೆಗೂ ಅಡುಗೆಮನೆಯ ಒಲೆಗೂ ನಡುವೆ ನಿಂತದ್ದು ದುರಸ್ತಿಯ ಪ್ರಶ್ನೆಯೇ.

ಈಚೆಗೆ ಸರ್ಕಾರದ ಗಮನ ಈ ಕಡೆ ಹರಿದಿರುವುದು ಸಮಾಧಾನದ ಸಂಗತಿ. ‘ದುರಸ್ತಿಯ ಹಕ್ಕು’ ಕುರಿತು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ಸಮಿತಿ ರಚಿಸಿತು; ಅದೇ ಡಿಸೆಂಬರ್ 24ರ ಗ್ರಾಹಕರ ದಿನದಂದು ಅದಕ್ಕಾಗಿ ಒಂದು ಜಾಲತಾಣ ಆರಂಭವಾಯಿತು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ಹಳೆಯ ಉಪಕರಣಗಳ ಮರುಬಳಕೆಯ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಿವೆ. ಆದರೆ ಜಾಲತಾಣದಲ್ಲಿ ದೊರೆಯುವುದು ಸೇವಾ ಕೇಂದ್ರದ ವಿಳಾಸ. ಬಿಡಿಭಾಗವೇ ನಿಂತುಹೋದ ಮೇಲೆ ವಿಳಾಸದಿಂದ ಏನು ಪ್ರಯೋಜನ? ಮಾದರಿಯೊಂದರ ಮಾರಾಟ ನಿಂತ ಬಳಿಕವೂ ಇಂತಿಷ್ಟು ವರ್ಷ ಬಿಡಿಭಾಗ ಒದಗಿಸಲೇಬೇಕೆಂದು ಫ್ರಿಜ್, ಬಟ್ಟೆ ಒಗೆಯುವ ಯಂತ್ರಗಳ ವಿಷಯದಲ್ಲಿ ಐರೋಪ್ಯ ಒಕ್ಕೂಟ 2021ರಿಂದ ಕಡ್ಡಾಯ ಮಾಡಿದೆ. ನಮ್ಮಲ್ಲಿಯೂ ಮೊದಲು ಬೇಕಾದದ್ದು ಅದು. ಸರಳಿನ ಉದ್ದ, ವ್ಯಾಟ್, ಥರ್ಮೋಸ್ಟಾಟಿನ ಮಿತಿಗಳನ್ನು ಪೆಟ್ಟಿಗೆಯ ಬೆನ್ನ ಮೇಲೆ ಅಚ್ಚು ಮಾಡಿದರೂ ಸಾಕು, ಅರ್ಧ ಕೆಲಸ ಆದಂತೆ.

ನನ್ನಂಥ ಪಿಂಚಣಿದಾರನ ಮನೆಯಲ್ಲಿ ಓವನ್ ಕೆಟ್ಟರೆ ಬಿಸ್ಕತ್ತು ತಪ್ಪೀತು, ಅಷ್ಟೇ. ಉತ್ತರ ಕರ್ನಾಟಕದ ಊರೂರುಗಳಲ್ಲಿ ಈಗ ಮಹಿಳೆಯರು ಸಾಲ ಮಾಡಿ ಯಂತ್ರ ತಂದು ಜೋಳದ ರೊಟ್ಟಿ, ಕಡಕ್ ರೊಟ್ಟಿ ಮಾಡಿ ಮಾರುತ್ತಿದ್ದಾರೆ. ಕೆಲವು ಯಂತ್ರಗಳಲ್ಲಿ ಹಂಚು ಕಾಯುವುದೂ ವಿದ್ಯುತ್ತಿನಿಂದಲೇ. ಒಳಗಿರುವುದು ಅವೇ ಸರಳುಗಳು, ಅದೇ ಥರ್ಮೋಸ್ಟಾಟ್. ಅದು ಕೆಟ್ಟು ಹತ್ತು ದಿನ ನಿಂತರೆ ಬಿಡಿಭಾಗದ ಬೆಲೆ ಲೆಕ್ಕಕ್ಕೇ ಬರುವುದಿಲ್ಲ. ಹತ್ತು ದಿನದ ರೊಟ್ಟಿ, ಕೈಬಿಟ್ಟುಹೋದ ಖಾನಾವಳಿಯ ಗಿರಾಕಿ, ನಿಲ್ಲದೆ ಬರುವ ಸಾಲದ ಕಂತು ಇವೇ ನಿಜವಾದ ವೆಚ್ಚ. ಸಾಲ ಮಂಜೂರು ಮಾಡುವಾಗ ಬ್ಯಾಂಕು ಯಂತ್ರದ ಕೊಟೇಶನ್ ಕೇಳುತ್ತದೆ. ಅದರೊಂದಿಗೆ ಇನ್ನೊಂದು ಹಾಳೆಯನ್ನೂ ಕೇಳುವುದು ಒಳ್ಳೆಯದು: ಕೆಟ್ಟರೆ ಬಿಡಿಭಾಗ ಯಾವ ಊರಿನಲ್ಲಿ ಸಿಗುತ್ತದೆ, ಎಷ್ಟು ದಿನದಲ್ಲಿ ಬರುತ್ತದೆ, ಅದನ್ನು ಹಾಕಿಕೊಡುವವರು ಯಾರು.