ರುಜು ಹಾಕುವವರು ಬದಲಾಗುತ್ತಿದ್ದಾರೆ

ತಾಲ್ಲೂಕು ಕಚೇರಿಯಲ್ಲಿ ಪಹಣಿ, ಮ್ಯುಟೇಶನ್ ಕಡತಗಳ ನಡುವೆಯೇ ನಿವೃತ್ತನಾದವನು ನಾನು. ‘ಭೂಮಿ ಹಸ್ತಾಂತರ’ ಎಂಬ ಸುದ್ದಿ ಕಂಡರೆ ಸಾಕು, ಪಹಣಿಯ ಒಂಬತ್ತನೇ ಕಾಲಂನಲ್ಲಿ ಮಾಲೀಕರೆಂದು ಯಾರ ಹೆಸರು ಕೂತಿತು ಎಂದು ಹುಡುಕುವ ಚಾಳಿ ಇನ್ನೂ ಹೋಗಿಲ್ಲ.

2024ರ ಜನವರಿ 18ರಂದು ಕೆನಡಾದ ಉತ್ತರದಂಚಿನ ನುನಾವುಟ್‌ನಲ್ಲಿ ಅಂಥದೊಂದು ಒಪ್ಪಂದವಾಯಿತು. ಅಲ್ಲಿನ ರಾಜಧಾನಿ ಇಕಾಲುಯಿಟ್‌ಗೆ ಬಂದು ರುಜು ಹಾಕಿದವರು ಅಂದಿನ ಪ್ರಧಾನಿ ಜಸ್ಟಿನ್ ಟ್ರುಡೊ ಮತ್ತು ಕೇಂದ್ರ ಸಚಿವ ಡ್ಯಾನ್ ವ್ಯಾಂಡಲ್. ಅವರೊಂದಿಗೆ ನುನಾವುಟ್‌ನ ಅಂದಿನ ಪ್ರೀಮಿಯರ್ ಪಿ.ಜೆ. ಅಕೀಗೊಕ್ ಮತ್ತು ಇನ್ಯೂಟ್ ಮೂಲನಿವಾಸಿಗಳ ಸಂಸ್ಥೆ ನುನಾವುಟ್ ಟುಂಗಾವಿಕ್‌ನ ಅಂದಿನ ಅಧ್ಯಕ್ಷೆ ಅಲುಕಿ ಕೊಟಿಯರ್ಕ್. ಪ್ರದೇಶದ ವಿಸ್ತೀರ್ಣ ಸುಮಾರು 20 ಲಕ್ಷ ಚದರ ಕಿಲೋಮೀಟರ್; ಹತ್ತು ಕರ್ನಾಟಕ ಹಿಡಿಸುತ್ತವೆ. ಜನ ಮಾತ್ರ 40 ಸಾವಿರದ ಆಸುಪಾಸು, ನಮ್ಮದೊಂದು ದೊಡ್ಡ ಹೋಬಳಿಯಷ್ಟು. 25 ಊರುಗಳಿವೆ, ಊರಿಂದೂರಿಗೆ ರಸ್ತೆಯಿಲ್ಲ.

ಒಂಬತ್ತನೇ ಕಾಲಂ ಇಲ್ಲಿ ಬದಲಾಗುವುದೇ ಇಲ್ಲ! ಕೇಂದ್ರ ಸರ್ಕಾರದೊಂದಿಗಿನ 1993ರ ಒಪ್ಪಂದದಲ್ಲಿ ಇನ್ಯೂಟ್ ಜನರಿಗೆ ಸುಮಾರು 3.5 ಲಕ್ಷ ಚದರ ಕಿಲೋಮೀಟರ್ ಸ್ವಂತಕ್ಕೆ ಸಿಕ್ಕಿತ್ತು. ಅದರಲ್ಲೂ ನೆಲದಡಿಯ ಖನಿಜದ ಹಕ್ಕು ಬಂದದ್ದು ಹತ್ತರಲ್ಲೊಂದು ಪಾಲಿಗೆ. ಮಿಕ್ಕದ್ದು ಸರ್ಕಾರಿ ಜಮೀನು, ಅಲ್ಲಿನ ಮಾತಿನಲ್ಲಿ ಕ್ರೌನ್ ಲ್ಯಾಂಡ್. ಅದು ಮುಂದೆಯೂ ಕ್ರೌನ್‌ನದೇ. ಅದರ ಆಡಳಿತವಷ್ಟೇ ಕೈ ಬದಲಾಯಿಸುತ್ತದೆ: ಗುತ್ತಿಗೆ ಕೊಡುವುದು, ನೀರಿನ ಪರವಾನಗಿ, ರಾಯಧನ ವಸೂಲಿ. ಕೆನಡಾದ ಉತ್ತರದ ಇನ್ನೆರಡು ಪ್ರದೇಶಗಳಲ್ಲಿ ಯುಕಾನ್‌ಗೆ 2003ರಲ್ಲಿ, ವಾಯವ್ಯ ಪ್ರಾಂತ್ಯಗಳಿಗೆ 2014ರಲ್ಲಿ ಈ ಆಡಳಿತ ಸಿಕ್ಕಾಗಿದೆ. 1999ರಲ್ಲೇ ಹುಟ್ಟಿದ ನುನಾವುಟ್ ಸರದಿಯ ಕೊನೆಯಲ್ಲಿ ನಿಂತಿತ್ತು.

ಬರೀ ಆಡಳಿತ ತಾನೆ ಎನ್ನಬೇಡಿ. ಬಳ್ಳಾರಿಯ ಅದಿರಿನ ರಾಯಧನ ನಮ್ಮ ರಾಜ್ಯದ ಬೊಕ್ಕಸಕ್ಕೆ ಬರುತ್ತದೆ. ನುನಾವುಟ್‌ಗೆ ವಿಧಾನಸಭೆಯಿದೆ, ಮಂತ್ರಿಗಳಿದ್ದಾರೆ. ಒಪ್ಪಂದವಾಗುವ ಹೊತ್ತಿಗೂ ಗಣಿಗಳ ದೊಡ್ಡ ಕಡತ ಮಾತ್ರ ದೇಶದ ರಾಜಧಾನಿ ಒಟ್ಟಾವಕ್ಕೆ ಹೋಗುತ್ತಿತ್ತು. ಬ್ಯಾಫಿನ್ ದ್ವೀಪದ ಮೇರಿ ರಿವರ್ ಕಬ್ಬಿಣದ ಗಣಿಯನ್ನೇ ನೋಡಿ. ಅದಿರನ್ನು ವರ್ಷಕ್ಕೆ 60 ಲಕ್ಷ ಟನ್‌ನಿಂದ 120 ಲಕ್ಷ ಟನ್‌ಗೆ ಏರಿಸಿ ಬಂದರಿಗೆ ರೈಲು ಹಾಕುತ್ತೇವೆ ಎಂದಿತು ಕಂಪನಿ. ಹಡಗು ಹೆಚ್ಚಿದರೆ ನಾರ್ವಾಲ್ ತಿಮಿಂಗಿಲ ದೂರ ಸರಿಯುತ್ತದೆ, ರೈಲು ಬಂದರೆ ಕ್ಯಾರಿಬೂ ಜಿಂಕೆಯ ದಾರಿ ಕಟ್ಟಾಗುತ್ತದೆ ಎಂಬುದು ಬೇಟೆಗಾರರ ಆತಂಕ. ಅವರ ಅಡುಗೆಮನೆ ನಡೆಯುವುದೇ ಅವುಗಳಿಂದ. 2021ರ ಫೆಬ್ರವರಿಯ ಕೊರೆವ ಚಳಿಯಲ್ಲಿ ಪಾಂಡ್ ಇನ್ಲೆಟ್, ಆರ್ಕ್ಟಿಕ್ ಬೇ ಊರುಗಳ ಬೇಟೆಗಾರರು ಗಣಿಯ ವಿಮಾನಪಟ್ಟಿ, ರಸ್ತೆಗೆ ಅಡ್ಡ ಕೂತರು. 2022ರ ನವೆಂಬರ್‌ನಲ್ಲಿ ಅರ್ಜಿ ತಿರಸ್ಕೃತವಾಯಿತು. ತಿರಸ್ಕರಿಸಿದ ರುಜು ಒಟ್ಟಾವದ ಅದೇ ವ್ಯಾಂಡಲ್ ಅವರದು. ಇಂಥ ಕಡತಗಳು ಬಹುಪಾಲು ಹಸ್ತಾಂತರವಾದ ಮೇಲೆ ಇಕಾಲುಯಿಟ್‌ನ ಮೇಜಿಗೆ ಬರಬೇಕು.

ಆದರೆ ರಾಯಧನದಲ್ಲಿ ನುನಾವುಟ್ ಉಳಿಸಿಕೊಳ್ಳುವ ಪಾಲಿಗೆ ಮಿತಿಯುಂಟು. ಸಮುದ್ರದಡಿಯ ತೈಲ, ಅನಿಲ ಈ ಒಪ್ಪಂದದ ಹೊರಗೆ.

ನನಗೆ ಇದಕ್ಕಿಂತ ದೊಡ್ಡ ತೊಡಕಾಗಿ ಕಾಣುವುದು ಸಿಬ್ಬಂದಿಯದು. ಜನರಲ್ಲಿ ನೂರಕ್ಕೆ 85ರಷ್ಟು ಇನ್ಯೂಟ್ ಇದ್ದರೂ ಅಲ್ಲಿನ ಸರ್ಕಾರಿ ನೌಕರರಲ್ಲಿ ಅವರು ಅರ್ಧದಷ್ಟೇ. ಮೇಲಿನ ಹುದ್ದೆಗಳಲ್ಲಿ ಇನ್ನೂ ಕಡಿಮೆ. ಸರ್ವೆ, ಭೂವಿಜ್ಞಾನ, ಗುತ್ತಿಗೆ ಕಾನೂನು ಬಲ್ಲವರು ಊರಿನಲ್ಲೇ ತಯಾರಾಗದಿದ್ದರೆ ದಕ್ಷಿಣದಿಂದ ಬಂದ ಅಧಿಕಾರಿಯೇ ಟಿಪ್ಪಣಿ ಬರೆಯುತ್ತಾನೆ, ಸ್ಥಳೀಯ ಮಂತ್ರಿ ಅದರ ಕೆಳಗೆ ರುಜು ಹಾಕುತ್ತಾರೆ. ಟಿಪ್ಪಣಿ ಬರೆದವನೇ ಅರ್ಧ ತೀರ್ಪು ಬರೆದಂತೆ. ಕಚೇರಿಯಲ್ಲಿ ಕೂತವರಿಗೆ ಇದು ಗೊತ್ತು. ಸ್ಥಳೀಯರ ತಯಾರಿಗೆ ಗಡುವೂ ಉಂಟು: ಹಸ್ತಾಂತರಕ್ಕೆ ಒಪ್ಪಂದದಲ್ಲಿ ಗೊತ್ತುಮಾಡಿದ ದಿನ 2027ರ ಏಪ್ರಿಲ್ 1.